ಐವತ್ತು ರೂಪಾಯಿಯ ದಂಡ: ಬಿಗಿ ಕಾನೂನನ್ನು ಬೆಳೆಗಾರರೇ ಕೇಳಬೇಕು

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾನೂನನ್ನು ಬಿಗಿಗೊಳಿಸಬೇಕೆಂಬ ಮಾತು ಕೇಳಿಬಂದಾಗಲೆಲ್ಲ ನಮ್ಮ ಕಡೆಯ ಬೆಳೆಗಾರರಲ್ಲಿ ಒಂದು ಬಗೆಯ ಅಳುಕು ಕಾಣುತ್ತದೆ. ಇದು ಪೇಟೆಯವರ ಮಾತು, ಹಟ್ಟಿಯ ಸೆಗಣಿ ಬಾಚಿ ಗೊತ್ತಿಲ್ಲದವರ ಮಾತು, ಕೊನೆಗೆ ಪೆಟ್ಟು ಬೀಳುವುದು ನಮ್ಮ ಬೆನ್ನಿಗೇ ಎಂಬ ಭಾವನೆ ತೋಡಾರಿನಿಂದ ಹಿಡಿದು ಚಾರ್ಮಾಡಿ ಘಾಟಿಯ ಬುಡದ ತನಕ ಇದೆ. ಕಂಬಳಕ್ಕೆ ಒದಗಿದ ಸಂಕಟವನ್ನು ಕಣ್ಣಾರೆ ಕಂಡವರಿಗೆ ಈ ಅಳುಕು ಸಹಜವೇ. ಆದರೂ ಈ ಕಾನೂನು ಬಿಗಿಯಾಗಬೇಕೆಂದು ಮೊದಲು ಕೇಳಬೇಕಾದವರು ನಾವೇ ಎಂಬುದು ನಮ್ಮ ಅಭಿಪ್ರಾಯ. ನಮ್ಮನ್ನು ಕೇಳದೆ ಬರುವ ಕಾನೂನು ನಮ್ಮ ಕಷ್ಟವನ್ನು ಅರಿತು ಬರುವುದಿಲ್ಲ. ನಾವೇ ಮುಂದೆ ನಿಂತು ಕೇಳಿದರೆ, ಯಾವುದು ಕ್ರೌರ್ಯ, ಯಾವುದು ಬೇಸಾಯದ ಅನಿವಾರ್ಯ ಎಂಬ ಗೆರೆಯನ್ನು ಎಳೆಯುವಾಗ ನಮ್ಮ ಮಾತಿಗೂ ಬೆಲೆ ಬರುತ್ತದೆ.

ಕಂಬಳದಿಂದಲೇ ಆರಂಭಿಸೋಣ. ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರ ಮೇ 7ರಂದು ನೀಡಿದ ತೀರ್ಪಿನ ಬಿಸಿ ನಮ್ಮ ಕಂಬಳದ ಕರೆಗಳಿಗೂ ತಟ್ಟಿತು. 2016ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟು ಕಂಬಳಕ್ಕೆ ತಡೆಯಾಜ್ಞೆ ಕೊಟ್ಟಿತು. 2017ರ ಜನವರಿಯಲ್ಲಿ ಮೂಡಬಿದ್ರೆಯಲ್ಲಿ ಸಾವಿರಾರು ಮಂದಿ ಕೋಣಗಳ ಜೋಡಿಗಳೊಂದಿಗೆ ಸೇರಿ ಕಂಬಳ ಬೇಕೆಂದು ಒಕ್ಕೊರಲಿನಿಂದ ಕೂಗಿದ್ದು ಎಲ್ಲರ ನೆನಪಿನಲ್ಲಿದೆ. ಫೆಬ್ರವರಿಯಲ್ಲಿ ವಿಧಾನಮಂಡಲ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು, ಜುಲೈಯಲ್ಲಿ ಸುಗ್ರೀವಾಜ್ಞೆ ಬಂತು, 2018ರ ಆರಂಭದಲ್ಲಿ ತಿದ್ದುಪಡಿಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಟ್ಟಕಡೆಗೆ 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಈ ಹೋರಾಟದುದ್ದಕ್ಕೂ ನಾವು ಹೇಳಿದ ಮಾತು ಒಂದೇ: ಕೋಣಗಳನ್ನು ನಾವು ಮನೆಮಕ್ಕಳಂತೆ ಸಾಕುತ್ತೇವೆ. ಆ ಮಾತು ಸುಳ್ಳಲ್ಲ. ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ, ಸೆಕೆಗೆ ಹಟ್ಟಿಯಲ್ಲಿ ಫ್ಯಾನು ಹಾಕಿ ಸಾಕುವ ಯಜಮಾನರು ನಮ್ಮ ನಡುವೆಯೇ ಇದ್ದಾರೆ. ಆದರೆ ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಕಂಬಳಕ್ಕೆ ಸಿಕ್ಕಿದ ವಿನಾಯಿತಿ ಬರಿದೇ ಸಿಕ್ಕಿದ್ದಲ್ಲ. ಪ್ರಾಣಿಗೆ ಅನಾವಶ್ಯಕ ನೋವಾಗಲಿ, ಸಂಕಟವಾಗಲಿ ಆಗಕೂಡದು ಎಂಬ ಷರತ್ತಿನೊಂದಿಗೆ ಸಿಕ್ಕಿದ್ದು. ಅಂದರೆ ನಮ್ಮ ಮಾತನ್ನೇ ಕಾನೂನು ಜಾಮೀನಾಗಿ ಇಟ್ಟುಕೊಂಡಿದೆ. ಕ್ರೌರ್ಯ ನಮ್ಮ ಸಂಪ್ರದಾಯದಲ್ಲಿ ಇಲ್ಲವೆಂದು ಹೇಳಿದವರು, ಕ್ರೌರ್ಯವನ್ನು ಶಿಕ್ಷಿಸುವ ಕಾನೂನಿಗೆ ಅಂಜಬೇಕಾದ್ದೇನು?

2014ರ ಆ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ಕಂಬಳದ ಗದ್ದಲದಲ್ಲಿ ಅದರ ಬಗ್ಗೆ ನಮ್ಮ ಕಡೆ ಅಷ್ಟು ಚರ್ಚೆ ನಡೆಯಲಿಲ್ಲ. ಕ್ರೌರ್ಯ ತಡೆ ಕಾಯ್ದೆಯಲ್ಲಿರುವ ಶಿಕ್ಷೆ ಸಾಲದು, ಸಂಸತ್ತು ಅದನ್ನು ತಕ್ಕಂತೆ ತಿದ್ದಬೇಕು ಎಂಬ ನಿರೀಕ್ಷೆಯನ್ನು ನ್ಯಾಯಾಲಯ ಅಲ್ಲಿಯೇ ವ್ಯಕ್ತಪಡಿಸಿತ್ತು. ಆ ಕೆಲಸ ಇನ್ನೂ ಬಾಕಿ ಬಿದ್ದಿದೆ.

ಕಾಯ್ದೆಯಲ್ಲಿ ಏನಿದೆ ಎಂಬುದನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ಖ್ಯಾತ ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಈ ವಿಷಯದಲ್ಲಿ ಒಂದು ಖಾಸಗಿ ಮಸೂದೆ ತಂದರು. ಸರಕಾರವೇ ಕಾನೂನು ಮಾಡುವುದೆಂದು ಪ್ರಧಾನಿ ನೆಹರು ಭರವಸೆ ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. ಹಾಗೆ ಬಂದದ್ದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ. ಅದರ 11ನೆಯ ಕಲಮಿನಲ್ಲಿ ಕ್ರೌರ್ಯದ ಪಟ್ಟಿ ಉದ್ದಕ್ಕಿದೆ. ಹೊಡೆಯುವುದು, ಒದೆಯುವುದು, ತಾಳಲಾರದಷ್ಟು ಹೇರು ಹೇರುವುದು, ಮುದಿತನದಿಂದಲೋ ಗಾಯದಿಂದಲೋ ಬಳಲಿದ ಪ್ರಾಣಿಯಿಂದ ದುಡಿಸುವುದು, ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ ಸಾಗಿಸುವುದು, ಗೇಣುದ್ದದ ಸರಪಳಿಯಲ್ಲಿ ಹಗಲಿರುಳು ಕಟ್ಟಿಹಾಕುವುದು, ಹೊಟ್ಟೆಗಿಲ್ಲದೆ ಸಾಯಲೆಂದು ಬೀದಿಗೆ ಬಿಟ್ಟುಬಿಡುವುದು, ಇವೆಲ್ಲವೂ ಅಪರಾಧ. 1965ರ ನಿಯಮಗಳು ಇನ್ನೂ ಮುಂದೆ ಹೋಗಿ, ಗಾಡಿ ಎಳೆಯುವ ಪ್ರಾಣಿಯಿಂದ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ, ತಾಪಮಾನ 37 ಡಿಗ್ರಿ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರ ತನಕ ದುಡಿಸಲೇಬಾರದೆಂದೂ ಹೇಳುತ್ತವೆ.

ಓದಲು ಎಲ್ಲವೂ ಚೆನ್ನಾಗಿಯೇ ಇದೆ. ಆದರೆ ಶಿಕ್ಷೆಯ ಸಾಲಿಗೆ ಬಂದಾಗ ನಗುವುದೋ ಅಳುವುದೋ ತಿಳಿಯದು. ಮೊದಲ ತಪ್ಪಿಗೆ 10 ರೂಪಾಯಿಗೆ ಕಡಿಮೆಯಿಲ್ಲದ, 50 ರೂಪಾಯಿ ಮೀರದ ದಂಡ. ಮೂರು ವರ್ಷದೊಳಗೆ ಮತ್ತೊಮ್ಮೆ ತಪ್ಪು ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೆ ಮೂರು ತಿಂಗಳವರೆಗಿನ ಸಜೆ, ಇಲ್ಲವೆ ಎರಡೂ. 1982ರಲ್ಲಿ ಕಾಯ್ದೆ ತಿದ್ದುಪಡಿ ಕಂಡಿತಾದರೂ ದಂಡ ಈ ಮಟ್ಟದಲ್ಲಿಯೇ ನಿಂತುಬಿಟ್ಟಿದೆ. ಇಂದಿನ ಚಾಲಿ ಅಡಿಕೆಯ ದರದಲ್ಲಿ ಐವತ್ತು ರೂಪಾಯಿಗೆ ಒಂದು ಬೊಗಸೆ ಅಡಿಕೆ ಬಂದರೆ ಹೆಚ್ಚು. ಒಂದು ಮೂಕಪ್ರಾಣಿಯ ಕಾಲು ಮುರಿಯುವಂತೆ ಬಡಿದವನು ಒಂದು ಬೊಗಸೆ ಅಡಿಕೆಯ ಬೆಲೆ ತೆತ್ತು ಎದೆಯುಬ್ಬಿಸಿ ಕೋರ್ಟಿನಿಂದ ಹೊರಬರಬಹುದು.

ದಂಡ ಮಾತ್ರವಲ್ಲ, ಕಾನೂನು ನಡೆಯುವ ರೀತಿಯೂ ಸಡಿಲವೇ. 11ನೆಯ ಕಲಮಿನ ಬಹುಪಾಲು ಅಪರಾಧಗಳಲ್ಲಿ ಪೊಲೀಸರು ವಾರಂಟಿಲ್ಲದೆ ಯಾರನ್ನೂ ಹಿಡಿಯುವಂತಿಲ್ಲ. ಅಪರಾಧ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಅಲ್ಲಿಗೆ ಮುಗಿಯಿತು. ಠಾಣೆಗೆ ದೂರು ಒಯ್ದವನೇ ಅಲೆದು ಸುಸ್ತಾಗಬೇಕಷ್ಟೆ.

ಇದರ ಪಕ್ಕದಲ್ಲಿ ಇನ್ನೊಂದು ಕಾನೂನನ್ನು ಇಟ್ಟು ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಅಂಗಭಂಗ ಮಾಡಿದರೆ ಐದು ವರ್ಷದವರೆಗೆ ಸಜೆಯುಂಟು. ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ ಇದೇ ಬಗೆಯ ಎರಡು ಕಲಮುಗಳಿದ್ದವು. ಆದರೆ ಈ ಕಲಮು ನಿಂತಿರುವುದು ಸೊತ್ತಿಗೆ ಕೇಡು ಮಾಡುವ ಅಪರಾಧಗಳ ಸಾಲಿನಲ್ಲಿ. ದನ ಸತ್ತರೆ ಯಜಮಾನನಿಗೆ ನಷ್ಟ, ಆದ್ದರಿಂದ ಶಿಕ್ಷೆ ಎಂಬುದು ಅದರ ಮೂಲದ ಲೆಕ್ಕಾಚಾರ. ಯಜಮಾನನ ನಷ್ಟಕ್ಕೆ ಐದು ವರ್ಷ, ದನದ ನೋವಿಗೆ ಐವತ್ತು ರೂಪಾಯಿ! ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎರಡು ಕಾನೂನುಗಳೂ ಒಂದೊಂದು ದಿಕ್ಕಿಗೆ ಎಳೆಯುತ್ತಿವೆ.

2022ರ ನವೆಂಬರಿನಲ್ಲಿ ಕೇಂದ್ರದ ಪಶುಸಂಗೋಪನೆ ಸಚಿವಾಲಯ ಒಂದು ತಿದ್ದುಪಡಿಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತ್ತು. ಘೋರ ಕ್ರೌರ್ಯವೆಂಬ ಬೇರೆಯೇ ವರ್ಗ ಮಾಡಿ, ಅದಕ್ಕೆ ಮೂರು ವರ್ಷದವರೆಗೆ, ಪ್ರಾಣಿಯನ್ನು ಕೊಂದರೆ ಐದು ವರ್ಷದವರೆಗೆ ಸಜೆ ಎಂಬುದು ಅದರ ಸಾರ. ಅಭಿಪ್ರಾಯ ತಿಳಿಸಲು ಕೊಟ್ಟ ಕಾಲ ಕೆಲವೇ ದಿನ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ದೆಹಲಿಗೆ ಪತ್ರ ಬರೆಯುವ ಪುರುಸೊತ್ತು ಯಾವ ಸಣ್ಣ ಬೆಳೆಗಾರನಿಗೆ ಇದ್ದೀತು? ಕರಡು ಕರಡಾಗಿಯೇ ಉಳಿದಿದೆ. ಅದು ಮತ್ತೆ ಮೇಲೆ ಬರುವ ದಿನಕ್ಕೆ ನಮ್ಮ ಮಾತು ಸಿದ್ಧವಿರಬೇಕು.

ಇನ್ನು ಬೆಳೆಗಾರರ ಸಂದೇಹಗಳಿಗೆ ಬರೋಣ. ಕಾನೂನು ಬಿಗಿಯಾದರೆ ಮೂಗುದಾರ ಪೋಣಿಸಿದ್ದಕ್ಕೂ, ಹೋರಿಗೆ ಬೀಜ ಒಡೆಸಿದ್ದಕ್ಕೂ ಹಟ್ಟಿಯ ಬಾಗಿಲಿಗೆ ಪೊಲೀಸರು ಬರುತ್ತಾರೆಯೇ ಎಂದು ಕೇಳುವವರಿದ್ದಾರೆ. ಹಾಗಿಲ್ಲ. ನಿಯಮದಲ್ಲಿ ಹೇಳಿದ ಕ್ರಮದಂತೆ ಮಾಡುವ ಮೂಗುದಾರ, ಬೀಜ ತೆಗೆಯುವುದು, ಕೊಂಬು ತೆಗೆಯುವುದು, ಗುರುತಿಗೆ ಬರೆ ಹಾಕುವುದು ಇವುಗಳನ್ನು ಅದೇ 11ನೆಯ ಕಲಮು ಕ್ರೌರ್ಯದ ಪಟ್ಟಿಯಿಂದ ಹೊರಗಿಟ್ಟಿದೆ. ಬೇಸಾಯ ಬಲ್ಲವರು ಬರೆದ ಸಾಲು ಅದು. ತಿದ್ದುಪಡಿ ಬಂದರೂ ಆ ಸಾಲು ಉಳಿಯಬೇಕೆಂದು ಕೇಳುವುದು ನಮ್ಮ ಹಕ್ಕು. ಇಂಥ ಕೆಲಸವನ್ನು ಅರಿವಳಿಕೆ ಕೊಟ್ಟು ಪಶುವೈದ್ಯರಿಂದಲೇ ಮಾಡಿಸುವುದು ನಮ್ಮ ಕರ್ತವ್ಯ.

ಗೊಡ್ಡು ದನ ಮತ್ತು ಗಂಡು ಕರುಗಳ ಪ್ರಶ್ನೆ ಇದಕ್ಕಿಂತ ಕಠಿಣ. 2021ರಿಂದ ರಾಜ್ಯದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಿಗಿಯಾಗಿದೆ. ಅದರ ಒಳಿತು ಕೆಡುಕಿನ ಚರ್ಚೆ ಬೇರೆ. ಎರಡು ಎಕರೆ ತೋಟದ ಮೇಲೆ ಸಂಸಾರ ಸಾಗಿಸುವವನಿಗೆ ಹಾಲು ಕೊಡದ ಎರಡು ದನಗಳಿಗೆ ಹಿಂಡಿ, ಬೈಹುಲ್ಲು ಹಾಕುವುದು ಭಾರವೇ. ಆ ಭಾರ ತಾಳದೆ ಕೆಲವರು ರಾತ್ರೋರಾತ್ರಿ ಕರುಗಳನ್ನು ದೂರದ ರಸ್ತೆ ಬದಿಯಲ್ಲಿ ಬಿಟ್ಟುಬರುತ್ತಾರೆ. ಅಲ್ಲಿ ಅದು ಹಸಿವಿಗೋ ಲಾರಿಗೋ ನಾಯಿಗೋ ಬಲಿ. ಹೀಗೆ ಬಿಟ್ಟುಬರುವುದು ಈಗಲೂ ಅಪರಾಧವೇ. ಇದಕ್ಕೆ ದಂಡವನ್ನಷ್ಟೇ ಹೆಚ್ಚಿಸಿ ದಾರಿ ತೋರಿಸದಿದ್ದರೆ ರೈತನೂ ಉಳಿಯುವುದಿಲ್ಲ, ಕರುವೂ ಉಳಿಯುವುದಿಲ್ಲ.

ಈಗ ತೋಟದ ಬೇಲಿಯಾಚೆಗಿನ ಮಾತು. ಹಟ್ಟಿಯ ದನದ ವಿಷಯದಲ್ಲಿ ನಮ್ಮ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಹಂದಿ, ಮಂಗ, ಕಾಟಿಗಳ ವಿಷಯ ಬಂದಾಗ ಕರುಣೆಗೆ ಜಾಗವಿಲ್ಲದಾಗುತ್ತದೆ. ಎಳೆ ಅಡಿಕೆಯನ್ನು ಕಿತ್ತೆಸೆದು, ಸೀಯಾಳವನ್ನು ತೂತು ಮಾಡಿ, ಅಡಿಕೆಯ ನಡುವೆ ನೆಟ್ಟ ಕಾಫಿ ಗಿಡದ ಕೊಂಬೆ ಮುರಿದು ಹೋಗುವ ಮಂಗಗಳ ಹಿಂಡನ್ನು ದಿನವೂ ಕಾಣುವವನಿಗೆ ದಯೆಯ ಉಪದೇಶ ಮಾಡುವುದು ಸುಲಭವಲ್ಲ. ಒಂದು ರಾತ್ರಿಯಲ್ಲಿ ಹಂದಿಗಳು ಬಾಳೆಯ ಬುಡವನ್ನೆಲ್ಲ ಬಗೆದುಹಾಕಿದರೆ ಆ ವರ್ಷದ ಆದಾಯಕ್ಕೇ ಕುತ್ತು. ಈ ಸಂಕಟ ನಿಜ. ಆದರೆ ಬೈಕಿನ ಕ್ಲಚ್ ಕೇಬಲಿನಿಂದ ಮಾಡಿದ ಉರುಳು, ಹಣ್ಣಿನಲ್ಲಿ ಹುದುಗಿಸಿದ ಸಿಡಿಮದ್ದು, ಬೇಲಿಗೆ ನೇರವಾಗಿ ಕೊಟ್ಟ ಕರೆಂಟು, ಇವು ಬೆಳೆ ರಕ್ಷಣೆಯ ದಾರಿಯಲ್ಲ.

ಏಕೆಂದರೆ ಉರುಳಿಗೆ ಹಂದಿ ಯಾವುದು, ನೆರೆಮನೆಯ ದನ ಯಾವುದು ಎಂದು ಗೊತ್ತಾಗುವುದಿಲ್ಲ. ಸೊಂಟಕ್ಕೆ ತಂತಿ ಬಿಗಿದ ಚಿರತೆ ಗಂಟೆಗಟ್ಟಲೆ ಒದ್ದಾಡುತ್ತದೆ. ಕಿತ್ತುಕೊಂಡು ಬಂದರೆ ಎದುರಿಗೆ ಸಿಗುವುದು ಬೆಳಿಗ್ಗೆ ಹಾಲು ಒಯ್ಯುವ ಹೆಂಗಸೋ, ಶಾಲೆಗೆ ಹೋಗುವ ಮಗುವೋ. ಕರೆಂಟಿನ ಬೇಲಿ ಹಂದಿಯನ್ನು ಕೊಂದಷ್ಟೇ ಸುಲಭವಾಗಿ ಅಡಿಕೆ ಹೆಕ್ಕಲು ಬಂದವರನ್ನೂ ಕೊಲ್ಲುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಕಾಡುಹಂದಿಗೆಂದು ಇಟ್ಟ ಸಿಡಿಮದ್ದನ್ನು ಬಸುರಿ ಆನೆಯೊಂದು ಕಚ್ಚಿತು. ಬಾಯಿ ಛಿದ್ರವಾಗಿ ಏನನ್ನೂ ತಿನ್ನಲಾರದೆ, ಉರಿ ತಾಳದೆ ಹೊಳೆಯ ನೀರಿನಲ್ಲಿ ನಿಂತೇ ಅದು ಪ್ರಾಣಬಿಟ್ಟಿತು. 2021ರ ಜುಲೈ ಕೊನೆಯಲ್ಲಿ ನಮ್ಮ ಘಟ್ಟದ ಮೇಲಣ ಕಾಫಿ ಸೀಮೆಯಲ್ಲೇ, ಬೇಲೂರು ತಾಲೂಕಿನ ಚೌಡನಹಳ್ಳಿಯ ಬಳಿ, ಗೋಣಿಚೀಲಗಳಲ್ಲಿ ತುಂಬಿ ಎಸೆದಿದ್ದ ಮಂಗಗಳು ಪತ್ತೆಯಾದವು. 38 ಮಂಗಗಳು ಸತ್ತಿದ್ದವು. ಕಾಟ ತಾಳದೆ ಹಿಡಿಸಿದ್ದೆಂಬ ಮಾತು ತನಿಖೆಯಲ್ಲಿ ಕೇಳಿಬಂತು. ರಾಜ್ಯ ಹೈಕೋರ್ಟು ತಾನಾಗಿಯೇ ಮೊಕದ್ದಮೆ ಎತ್ತಿಕೊಂಡಿತು. ಇಡೀ ದೇಶದ ಕಣ್ಣಿನಲ್ಲಿ ಅಂದು ಬೆಳೆಗಾರನ ಸಂಕಟ ಕಾಣಲಿಲ್ಲ, ಗೋಣಿಚೀಲ ಮಾತ್ರ ಕಂಡಿತು. ಕ್ರೌರ್ಯದಿಂದ ನಮ್ಮ ನ್ಯಾಯವಾದ ಬೇಡಿಕೆಗೇ ಆಗುವ ನಷ್ಟ ಇದು.

ಕಾಡುಪ್ರಾಣಿಗಳ ವಿಷಯದಲ್ಲಿ ಕಾನೂನು ಈಗಾಗಲೇ ಕಠಿಣವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಉರುಳು ಇಡುವುದೂ ಬೇಟೆಯೇ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಸಾಮಾನ್ಯ ಅಪರಾಧದ ದಂಡವನ್ನು 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿಸಿದೆ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಗಿ ಪ್ರಾಣಿ ಹೊಡೆಯುವ ಪರವಾನಗಿಯಲ್ಲ ಎಂಬುದನ್ನೂ ಸದಸ್ಯರು ಮರೆಯಬಾರದು.

ಇದೇ ನಾಡಿನಲ್ಲಿ ಬೇರೊಂದು ಬಗೆಯ ನಡತೆಯೂ ಇದೆ. 2023ರ ಫೆಬ್ರವರಿಯಲ್ಲಿ ನಮ್ಮ ನಿಡ್ಡೋಡಿಯಲ್ಲಿ ಮನೆಯ ಬಾವಿಗೆ ಚಿರತೆ ಬಿದ್ದಾಗ ಊರವರು ಕಲ್ಲೆಸೆಯಲಿಲ್ಲ. ಪಶುವೈದ್ಯೆಯೊಬ್ಬರು ಪಂಜರದೊಳಗೆ ಕುಳಿತು ಬಾವಿಗಿಳಿದು, ಅರಿವಳಿಕೆ ಕೊಟ್ಟು, ಚಿರತೆಯನ್ನು ಮೇಲೆತ್ತಿಸಿದರು. ಆ ಚಿತ್ರವನ್ನು ದೇಶವೇ ನೋಡಿ ಮೆಚ್ಚಿತು. ಸಾವಿರ ಕಂಬದ ಬಸದಿಯ ಸುತ್ತಿನ ನಾಡಿಗೆ, ಹಂದಿಯ ರೂಪದ ಪಂಜುರ್ಲಿಗೆ ಕೈಮುಗಿಯುವ ಜನಕ್ಕೆ ಒಪ್ಪುವ ನಡತೆ ಅದು.

ಹಾಗಾದರೆ ನಾವು ಕೇಳಬೇಕಾದ್ದೇನು? ನಮ್ಮ ಅಭಿಪ್ರಾಯದಲ್ಲಿ ಬೇಡಿಕೆಗಳು ಹೀಗಿರಬೇಕು:

1. 1960ರ ಕಾಯ್ದೆಯ ದಂಡವನ್ನು ಇಂದಿನ ಹಣದ ಬೆಲೆಗೆ ತಕ್ಕಂತೆ ಏರಿಸಬೇಕು. ಆದರೆ ಅರಿಯದೆ ಆದ ಉಪೇಕ್ಷೆ ಬೇರೆ, ಬೇಕೆಂದೇ ಮಾಡಿದ ಹಿಂಸೆ ಬೇರೆ ಎಂಬ ಭೇದ ಕಾಯ್ದೆಯಲ್ಲಿಯೇ ಇರಬೇಕು.

2. ಬೇಕೆಂದೇ ಮಾಡಿದ ಘೋರ ಹಿಂಸೆಯಲ್ಲಿ ಪೊಲೀಸರು ವಾರಂಟಿಗೆ ಕಾಯದೆ ಕ್ರಮ ಕೈಗೊಳ್ಳುವಂತಿರಬೇಕು. ಉಪೇಕ್ಷೆಯ ದೂರುಗಳಲ್ಲಿ ಮೊದಲು ಪಶುವೈದ್ಯರು ಬಂದು ನೋಡಬೇಕು, ಎಚ್ಚರಿಕೆ ಕೊಡಬೇಕು, ತಿದ್ದಿಕೊಳ್ಳಲು ಕಾಲ ಕೊಡಬೇಕು. ಎಚ್ಚರಿಸಿದ ಮೇಲೂ ಕೇಳದವನಿಗೆ ಮಾತ್ರ ದಂಡ ಬೀಳಬೇಕು.

3. ಖಾಲಿ ಬಿದ್ದ ಪಶುವೈದ್ಯರ ಹುದ್ದೆಗಳನ್ನು ತುಂಬಬೇಕು. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಪಶು ಚಿಕಿತ್ಸಾ ವಾಹನ ಗುಡ್ಡದ ಮೇಲಿನ ಮನೆಗೂ ಹೊತ್ತಿಗೆ ಸರಿಯಾಗಿ ತಲಪುವಂತಾಗಬೇಕು. ವೈದ್ಯರಿಲ್ಲದ ಊರಿನಲ್ಲಿ ಗಾಯದ ಎತ್ತಿಗೆ ಚಿಕಿತ್ಸೆ ಕೊಡಿಸಲಿಲ್ಲವೆಂದು ದಂಡ ಹಾಕುವುದು ನ್ಯಾಯವಲ್ಲ.

4. ತಾಲೂಕಿಗೊಂದಾದರೂ ಗೋಶಾಲೆ ಇರಬೇಕು. ಗೊಡ್ಡು ದನವನ್ನು ಮನೆಯಲ್ಲೇ ಸಾಕುವ ಸಣ್ಣ ರೈತನಿಗೆ ಮೇವಿನ ನೆರವು ಸಿಗಬೇಕು. ಗಂಡು ಕರು ಹುಟ್ಟುವುದನ್ನು ಕಡಿಮೆ ಮಾಡುವ ಲಿಂಗ ನಿರ್ಧಾರಿತ ವೀರ್ಯದ ನಳಿಕೆ ಎಲ್ಲರ ಕೈಗೆಟುಕುವ ದರದಲ್ಲಿ ದೊರೆಯಬೇಕು.

5. ಕಾಡುಪ್ರಾಣಿಯಿಂದಾದ ಬೆಳೆನಷ್ಟಕ್ಕೆ ಇಂತಿಷ್ಟು ದಿನದೊಳಗೆ ಪರಿಹಾರ ಎಂಬ ಗಡುವು ಇರಬೇಕು, ಮೊತ್ತವೂ ನಷ್ಟಕ್ಕೆ ತಕ್ಕಂತಿರಬೇಕು. ಸೋಲಾರ್ ಬೇಲಿಗೆ ಸಹಾಯಧನ ಸಣ್ಣ ಹಿಡುವಳಿಗೂ ಸಿಗಬೇಕು. ಒಬ್ಬೊಬ್ಬನಿಗೆ ಕೊಡುವ ಬದಲು ನಾಲ್ಕಾರು ತೋಟಗಳನ್ನು ಕೂಡಿಸಿ ಹಾಕುವ ಬೇಲಿಗೆ ಆದ್ಯತೆ ಕೊಟ್ಟರೆ ಖರ್ಚೂ ಕಡಿಮೆ, ಉಪಯೋಗವೂ ಹೆಚ್ಚು.

6. ಮಿತಿಮೀರಿ ಕಾಡುವ ಪ್ರಾಣಿಗಳ ವಿಷಯದಲ್ಲಿ ಇಲಾಖೆಯೇ ಬೇಗ ತೀರ್ಮಾನ ಕೈಗೊಳ್ಳುವ ಕ್ರಮ ಬೇಕು. 2022ರಲ್ಲಿ ಕೇರಳ ಸರಕಾರ ಕಾಡುಹಂದಿಯ ವಿಷಯದಲ್ಲಿ ಸ್ಥಳೀಯ ಪಂಚಾಯತುಗಳಿಗೆ ಅಧಿಕಾರ ಕೊಟ್ಟಿತು. ಅದರ ಸಾಧಕ ಬಾಧಕಗಳನ್ನು ನಮ್ಮ ಸರಕಾರವೂ ಪರಿಶೀಲಿಸಲಿ. ಕಾನೂನಿನ ದಾರಿ ತೆರೆದಿದ್ದರೆ ಕಳ್ಳದಾರಿಯ ಉರುಳಿಗೆ ಕಾರಣವೇ ಉಳಿಯುವುದಿಲ್ಲ.

ಈ ಆರರಲ್ಲಿ ಮೊದಲೆರಡನ್ನು ಮಾತ್ರ ಪೇಟೆಯ ಪ್ರಾಣಿದಯಾ ಸಂಘಗಳು ಕೇಳುತ್ತವೆ. ಕೊನೆಯ ನಾಲ್ಕನ್ನು ಮಾತ್ರ ನಾವು ಕೇಳುತ್ತೇವೆ. ಎರಡನ್ನೂ ಕೂಡಿಸಿ ಕೇಳುವವರು ಬೇಕಾಗಿದ್ದಾರೆ. ಶಿಕ್ಷೆಯೊಂದೇ ಬಂದರೆ ಬಡ ಬೆಳೆಗಾರ ನಲುಗುತ್ತಾನೆ, ಪರಿಹಾರವೊಂದೇ ಬಂದರೆ ಹಿಂಸೆ ನಿಲ್ಲುವುದಿಲ್ಲ.

ಸರಕಾರವನ್ನು ಕೇಳುವುದರ ಜೊತೆಗೆ ನಮ್ಮ ಕೈಯಲ್ಲೇ ಆಗುವ ಕೆಲಸಗಳೂ ಇವೆ. ತೋಟದ ಕೆಲಸಕ್ಕೆ ಬರುವವರಿಗೆ ಬೇಲಿ ಬದಿಯಲ್ಲಿ ಉರುಳು ಇಡಬಾರದೆಂದು ಯಜಮಾನರು ಖಡಾಖಂಡಿತ ಹೇಳಬೇಕು. ಜಾಗ ನಮ್ಮದಾದರೆ ಹೊಣೆಯೂ ನಮ್ಮ ತಲೆಗೇ ಬರುತ್ತದೆ. ಬೇಲಿ ಸುತ್ತುವಾಗ ಕಂಡ ತಂತಿಯನ್ನು ಕಿತ್ತು ಅರಣ್ಯ ಇಲಾಖೆಗೆ ತಿಳಿಸಬೇಕು. ಕಂಬಳದ ಕರೆಯಲ್ಲಿ ಬೆತ್ತ ಮಿತಿಮೀರಿ ಬೀಸುವವನನ್ನು ಮೊದಲು ತಡೆಯುವವನು ಕೋಣದ ಯಜಮಾನನೇ ಆಗಬೇಕು. ಹೊರಗಿನವರು ಬಂದು ಚಿತ್ರ ತೆಗೆಯುವ ತನಕ ಕಾಯಬಾರದು. ಬೆಳೆನಷ್ಟವಾದಾಗ ಅರ್ಜಿ ಹಾಕಿ ಏನು ಪ್ರಯೋಜನ ಎಂದು ಸುಮ್ಮನಿರದೆ ಪ್ರತಿಯೊಬ್ಬರೂ ಅರ್ಜಿ ಹಾಕಬೇಕು. ಕಾಗದದ ಮೇಲೆ ಬಾರದ ನಷ್ಟವನ್ನು ಯಾವ ಸರಕಾರವೂ ನಷ್ಟವೆಂದು ಎಣಿಸುವುದಿಲ್ಲ.

ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ಒಂದು ನಿರ್ಣಯ ಮಂಡನೆಯಾಗಿ, ಶಾಸಕರಿಗೂ ಲೋಕಸಭಾ ಸದಸ್ಯರಿಗೂ ಅದರ ಪ್ರತಿ ಹೋಗಲೆಂದು ನಾವು ಸೂಚಿಸುತ್ತೇವೆ. ಒಪ್ಪದ ಸದಸ್ಯರೂ ಸಭೆಗೆ ಬಂದು ತಮ್ಮ ವಾದವನ್ನು ಹೇಳಲಿ, ಚರ್ಚೆಯಾಗಲಿ. ಕಂಬಳ ಉಳಿಯಬೇಕೆಂದು ಕೇಳಿದ ಅದೇ ಗಟ್ಟಿ ದನಿಯಲ್ಲಿ, ಕೋಣಕ್ಕೆ ನೋವು ಕೊಟ್ಟವನಿಗೆ ಐವತ್ತು ರೂಪಾಯಿಯ ದಂಡ ಸಾಲದೆಂದೂ ನಾವು ಕೇಳಿದರೆ, ಬೆಳೆಗಾರರ ಇತರ ಬೇಡಿಕೆಗಳಿಗೂ ತೂಕ ಬರುವುದರಲ್ಲಿ ಸಂದೇಹವಿಲ್ಲ.